ಎಲ್ಲವೂ ಕ್ಷೇಮ, ನಲವತ್ತು ಪದಗಳಲ್ಲಿ

ಜೂನ್ ೯, ಸೋಮವಾರ

ಎರಡೂ ಮುಕ್ಕಾಲು. ಎಬ್ಬಿಸಿದ್ದು ಮಗಳಲ್ಲ, ಫ್ರಿಜ್ಜು. ನಿಲ್ಲುವ ಮುಂಚೆ ಅದು ತಣ್ಣೀರು ಸ್ನಾನ ಮಾಡಿದವರ ಹಾಗೆ ಒಂದು ಸಲ ಮೈ ಕೊಡವಿಕೊಳ್ಳುತ್ತದೆ. ಮೇಲಿಟ್ಟ ಸ್ಟೀಲ್ ಡಬ್ಬಿ ಕಿಣಿಕಿಣಿ ಅನ್ನುತ್ತದೆ. ಅಷ್ಟಕ್ಕೇ ನಾನು ಎದ್ದು ಕೂತಿದ್ದೇನೆ. ಪಕ್ಕದಲ್ಲಿ ಮಗಳು ಎರಡೂ ಕೈ ಮೇಲೆತ್ತಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಮಲಗಿದ್ದಾಳೆ. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರಾಡುತ್ತಿದ್ದಾಳೆ. ಬೆರಳೇ ಸರಿಯಿದೆಯೋ ಇಲ್ಲವೋ ಎಂದು ಅನುಮಾನ ಬಂದು ನನ್ನ ಮೂಗಿಗೂ ಹಿಡಿದುಕೊಂಡೆ. ನಾನೂ ಉಸಿರಾಡುತ್ತಿದ್ದೇನೆ. ಒಳ್ಳೆಯದಾಯಿತು.

ಇವರಿದ್ದಿದ್ದರೆ ಈ ಫ್ರಿಜ್ಜಿಗೆ ಯಾವ ಸ್ಕ್ರೂ ಸಡಿಲವಾಗಿದೆ ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಇವರ ಉದ್ಯೋಗವೇ ಕಿವಿಯದು. ಸಬ್‌ಮರೀನಿನೊಳಗೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಸಮುದ್ರದ ಸದ್ದು ಕೇಳುವುದು. ಅಲ್ಲಿ ಕಿಟಕಿಯಿಲ್ಲ, ಇವರ ಕಿವಿಯೇ ಕಿಟಕಿ. ಬರುತ್ತಿರುವುದು ಹಡಗೋ ಮೀನಿನ ಹಿಂಡೋ ಇವರು ಹೇಳಬೇಕು. ಜೊತೆಯವರೆಲ್ಲ 'ಕಿವಿ' ಎಂದೇ ಕರೆಯುತ್ತಾರಂತೆ. ಅದೇ ಕಿವಿ ಮನೆಗೆ ಬಂದಾಗ "ಕಸ ಹಾಕಿ ಬನ್ನಿ" ಅಂದರೆ ಮಾತ್ರ ಕೇಳಿಸುವುದಿಲ್ಲ.

ಮಗುವಿನ ಆಸ್ಪತ್ರೆಯ ನರ್ಸು ಹೇಳಿದ್ದರು, "ನಿದ್ದೆ ಬರಲಿಲ್ಲ ಅಂದ್ರೆ ಫೋನ್ ನೋಡ್ಬೇಡಿ, ಏನಾದ್ರೂ ಬರೀರಿ." ನಿದ್ದೆ ಸ್ವಲ್ಪ ಕಡಿಮೆ ಎಂದಷ್ಟೇ ನಾನು ಅವರಿಗೆ ಹೇಳಿದ್ದು. ಸ್ವಲ್ಪ ಅನ್ನುವುದು ನನ್ನ ಮರ್ಯಾದೆಯ ಮಾತು.

ಜೂನ್ ೧೨, ಗುರುವಾರ

ಗುರುವಾರ ನಮ್ಮ ನೌಕಾಪಡೆಯ ವಸತಿಗೃಹಗಳ ಹೆಂಗಸರಿಗೆಲ್ಲ ಪರೀಕ್ಷೆಯ ದಿನ. ಬೋಟು (ಇವರ್‍ಯಾರೂ ಅದನ್ನು ಹಡಗು ಅನ್ನುವುದಿಲ್ಲ) ನೀರಿನೊಳಗಿರುವಾಗ ಮನೆಯವರು ವಾರಕ್ಕೊಂದು ಸಂದೇಶ ಕಳಿಸಬಹುದು. ನಲವತ್ತು ಪದ, ಒಂದು ಹೆಚ್ಚಿಲ್ಲ. ಆ ಕಡೆಯಿಂದ ಉತ್ತರವಿಲ್ಲ, ಯಾಕೆಂದರೆ ಬೋಟು ಬಾಯಿ ಬಿಟ್ಟರೆ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಕೆಟ್ಟ ಸುದ್ದಿಯೂ ಹೋಗುವುದಿಲ್ಲ. ಕುಟುಂಬ ಕಚೇರಿಯ ಮೇಡಂ ಕೆಂಪು ಪೆನ್ನು ಹಿಡಿದು ಒಂದೊಂದನ್ನೂ ಓದಿ, ಬೇಡದ್ದನ್ನು ಹೊಡೆದು ಹಾಕಿ ಕಳಿಸುತ್ತಾರೆ. ಏನೇ ಆಗಿದ್ದರೂ ಬೋಟು ದಡಕ್ಕೆ ಬಂದ ಮೇಲೆಯೇ ತಿಳಿಸುವುದು. ಬೋಟು ಹೊರಡುವ ಮುಂಚೆ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು, "ಒಳಗಿರೋರಿಗೆ ಬಿಸಿಲಿಲ್ಲ, ಗಾಳಿ ಇಲ್ಲ, ಹಗಲು ರಾತ್ರಿ ಗೊತ್ತಾಗಲ್ಲ. ಅವರ ತಲೆ ಮೇಲೆ ಇನ್ನೂ ಭಾರ ಹಾಕ್ಬೇಡಿ."

ನಾನು ಭಾರ ಹಾಕುವವಳೇ ಅಲ್ಲ. ನನ್ನ ಇವತ್ತಿನ ಸಂದೇಶ ಶುರುವಾಗುವುದು ಹೀಗೆ: "ಇಲ್ಲಿ ಎಲ್ಲವೂ ಕ್ಷೇಮ. ಮಗಳು ಮಲ್ಲಿಗೆಯಂತೆ ನಗುತ್ತಾಳೆ. ರಾತ್ರಿಗಳು ಪ್ರಶಾಂತ." ಕಾಲೇಜಿನಲ್ಲಿ ಸಾಹಿತ್ಯ ಓದಿದ್ದು ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬರಬೇಕಲ್ಲ.

ನನ್ನ ಹಿಂದೆ ನಿಂತಿದ್ದವರು ಮೇಲ್ಮನೆ ಅಕ್ಕ. ಅವರ ಗಂಡ ಅದೇ ಬೋಟಿನಲ್ಲಿ ಅಡಿಗೆಯವರು, ಎಲ್ಲರ ಬಾಯಲ್ಲಿ 'ಸೌಟಣ್ಣ'. ಅಕ್ಕನ ಕಾಗದ ನೋಡಿ ಮೇಡಂ ಹಣೆ ಹಿಡಿದುಕೊಂಡರು.

"ಏನ್ರೀ ಇದು, 'ನಿಮ್ಮ ತಮ್ಮ ಬಂದು ಹೊಸ ಏಣಿ ಎತ್ಕೊಂಡು ಹೋದ, ಹಾಳಾಗಿ ಹೋಗ್ಲಿ'?"

"ಏಣಿ ಅಂತ ಬರ್ದಿದೀನಿ ಮೇಡಂ. ಅವರು ಇನ್ನೇನೋ ಅಂದ್ಕೋಬಾರ್ದಲ್ಲ."

"ಹಾಳಾಗಿ ಹೋಗ್ಲಿ ಅನ್ನೋದನ್ನ ತೆಗೀತೀನಿ."

"ಅಯ್ಯೋ, ಮಿಕ್ಕಿದ್ದೆಲ್ಲ ತೆಗೀರಿ, ಅದೊಂದು ಇರ್ಲಿ!"

ನನ್ನದರಲ್ಲಿ ಒಂದು ಅಕ್ಷರವನ್ನೂ ಹೊಡೆಯಲಿಲ್ಲ.

ಜೂನ್ ೧೩, ಶುಕ್ರವಾರ

ನಿದ್ದೆ ಇಲ್ಲ. ಬರೆಯುವಂಥದ್ದೂ ಇಲ್ಲ. ಮಗಳ ಉಸಿರು ಇದೆ.

ಜೂನ್ ೧೯, ಗುರುವಾರ

ಇವತ್ತು ಮೇಡಂ ನನ್ನ ಸಂದೇಶವನ್ನು ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳಿಗೆ ಓದಿ ತೋರಿಸಿದರು. "ನೋಡಿ, ಹೀಗೆ ಬರೀಬೇಕು. ಓದಿದೋರಿಗೆ ಮನಸ್ಸು ಹಗುರ ಆಗ್ಬೇಕು." ಆ ಹುಡುಗಿ ನನ್ನನ್ನು ನೋಡಿದ ರೀತಿಗೆ ನಾನು ಒಂದು ಇಂಚು ಬೆಳೆದೆ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿರುವುದು ಕಂಡಿತು. ಬಣ್ಣವೂ ಬೇರೆ. ಯಾರೂ ನೋಡಿರಲಿಕ್ಕಿಲ್ಲ.

ಅತ್ತೆ ನೋಡಿದ್ದರು. ಬಾಗಿಲಲ್ಲೇ ನಿಂತು, "ಯಾಕೆ, ಇನ್ನೊಂದು ಜೊತೆನೂ ಹೀಗೇ ಇದೆಯಾ?" ಅಂದರು. ಅವರ ಮಾತೇ ಹಾಗೆ. ಮೊಮ್ಮಗಳನ್ನು ನೋಡಿಕೊಳ್ಳಲು ಎಂದು ಬಂದವರು. ಆದರೆ ನಾನು ಮಗಳನ್ನು ಅವರ ಕೈಗೆ ಕೊಟ್ಟರೆ ತಾನೇ? ಕೊಟ್ಟ ಮರುಕ್ಷಣವೇ ಹಿಂದೆ ಹೋಗಿ ನಿಲ್ಲುತ್ತೇನೆ. "ಬೀಳಿಸಲ್ಲ ಕಣೆ, ನಿನ್ನ ಗಂಡನ್ನೂ ನಾನೇ ಎತ್ಕೊಂಡು ಬೆಳೆಸಿದ್ದು" ಅನ್ನುತ್ತಾರೆ. ಗಂಡನ ತಲೆಯ ಹಿಂದೆ ಒಂದು ಗಾಯದ ಗುರುತಿದೆ ಎಂದು ನಾನು ಹೇಳಲಿಲ್ಲ.

"ನಿದ್ದೆ ಮಾಡಿದ್ಯಾ?" ಎಂದು ಕೇಳಿದರು.

"ಚೆನ್ನಾಗಿ ಮಾಡಿದೆ ಅತ್ತೆ."

"ಹಾಗಾದ್ರೆ ನಿನ್ನ ಕಣ್ಣಿಗೆ ಯಾರೋ ಮಸಿ ಬಳಿದು ಹೋಗಿದಾರೆ."

ಜೂನ್ ೨೪, ಮಂಗಳವಾರ

ಎಲ್ಲಿಂದ ಶುರು ಮಾಡುವುದೋ ತಿಳಿಯುತ್ತಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಮಗಳ ಮೈ ಕಾದ ಹೆಂಚಿನ ಹಾಗಾಯಿತು. ನೋಡುತ್ತಿದ್ದ ಹಾಗೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡಳು. ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಬಾಗಿಲಿಗೆ ಅಂಟಿಕೊಂಡು ನಿಂತುಬಿಟ್ಟೆ. ಅತ್ತೆ ಅವಳನ್ನು ಮಗ್ಗುಲಿಗೆ ಮಲಗಿಸಿದರು. ಮೇಲ್ಮನೆ ಅಕ್ಕ ಬರಿಗಾಲಲ್ಲಿ ಓಡಿ ಬೀದಿಯ ತಿರುವಿನಲ್ಲಿ ಆಟೋ ಹಿಡಿದು ತಂದರು. ಮಗುವಿನ ತಳ್ಳುಗಾಡಿ ಬಿಚ್ಚೋಣವೆಂದರೆ ಇವರು ಹೋಗುವ ಮುಂಚೆ ಮಡಚಿಟ್ಟದ್ದು ಬಿಚ್ಚಿಕೊಳ್ಳಲೇ ಇಲ್ಲ. ಅಕ್ಕ ಅದನ್ನೊಮ್ಮೆ ಒದ್ದು, ಮಗಳನ್ನು ಎದೆಗವಚಿಕೊಂಡು ಆಟೋ ಹತ್ತಿದರು.

ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ನಿಂತಿತ್ತು. ಡಾಕ್ಟರು ಹೇಳಿದರು, ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ನೋಡಲು ಭಯ, ಆದರೆ ಹೆದರುವಂಥದ್ದಲ್ಲ, ಬೆಳೆಯುತ್ತಾ ಹೋಗಿಬಿಡುತ್ತದೆ. ಒಂದು ರಾತ್ರಿ ಇಟ್ಟುಕೊಂಡು ಇವತ್ತು ಕಳಿಸಿದರು. ಹೊರಡುವಾಗ ಬಾಯಿ ನೋಡಲು ಬೆರಳು ಹಾಕಿದ ಡಾಕ್ಟರನ್ನು ಮಗಳು ಕಚ್ಚಿಬಿಟ್ಟಳು. ಎರಡೇ ಹಲ್ಲು, ಆದರೆ ಕೆಲಸ ಪೂರ್ತಿ ಮಾಡುತ್ತವೆ. ಡಾಕ್ಟರು ಬೆರಳು ಕೊಡವಿಕೊಂಡು, "ಡಿಸ್ಚಾರ್ಜ್ ಮಾಡಿ, ಗಟ್ಟಿಯಾಗಿದಾಳೆ" ಅಂದರು. ಅತ್ತೆ ನಕ್ಕರು, ಅಕ್ಕ ನಕ್ಕರು. ನಾನೂ ನಕ್ಕೆ ಎಂದು ಅವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಜೂನ್ ೨೬, ಗುರುವಾರ

"ಎಲ್ಲವೂ ಕ್ಷೇಮ. ಮಗಳು ಗುಲಾಬಿಯಂತೆ ಅರಳಿದ್ದಾಳೆ." ಮಿಕ್ಕ ಪದಗಳೂ ಹೀಗೇ ತೋಟಗಾರಿಕೆ.

ಮೇಡಂಗೆ ಆಸ್ಪತ್ರೆಯ ವಿಷಯ ಗೊತ್ತು. ನನ್ನ ಕಾಗದ ಓದಿ, ಕನ್ನಡಕದ ಮೇಲಿಂದ ಒಂದು ಸಲ ನೋಡಿ, "ಗಟ್ಟಿಗಿತ್ತಿ ಕಣ್ರೀ ನೀವು" ಅಂದರು.

ಜುಲೈ ೧, ಮಂಗಳವಾರ

ಇವತ್ತು ಮನೆಯಲ್ಲಿ ಒಂದು ದಂಗೆ ನಡೆದು ಅಧಿಕಾರ ಕೈ ಬದಲಾಯಿತು.

ಮೇಲ್ಮನೆ ಅಕ್ಕ ಬೆಳಿಗ್ಗೆ ಬಂದಾಗ ಚಹಾ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದಕ್ಕೇನು ಹಾಕಿದೀಯ?"

"ಸಕ್ಕರೆ."

"ನೀನೇ ಕುಡಿ."

ಕುಡಿದೆ. ಉಪ್ಪು. ನಗಬೇಕಾಗಿತ್ತು, ಅಳು ಬಂತು. ಚಿಕ್ಕ ಅಳುವಲ್ಲ. ಸೆರಗು, ಟವೆಲು, ಕೊನೆಗೆ ಮಗಳ ಬಟ್ಟೆ, ಎಲ್ಲ ಒದ್ದೆಯಾಗುವಂಥದ್ದು. ಅತ್ತೆ ಒಳಗಿನಿಂದ ಬಂದು ಏನೂ ಕೇಳದೆ ಮಗಳನ್ನು ಎತ್ತಿಕೊಂಡರು.

"ಎಷ್ಟು ದಿನ ಆಯ್ತು ನೀನು ಮಲಗಿ?" ಅಕ್ಕ ಕೇಳಿದರು.

"ಮಲಗ್ತೀನಿ ಅಕ್ಕಾ. ನಿದ್ದೆ ಮಾಡಲ್ಲ ಅಷ್ಟೆ. ನಾನು ಕಣ್ಣು ಮುಚ್ಚಿದಾಗ ಅವಳಿಗೆ ಮತ್ತೆ ಹಾಗಾದ್ರೆ?"

"ಬೋಟಲ್ಲಿ ಏನ್ ಮಾಡ್ತಾರೆ ಗೊತ್ತಾ? ಪಾಳಿ. ಆರು ಗಂಟೆ ಒಬ್ಬ ನೋಡ್ತಾನೆ, ಇನ್ನೊಬ್ಬ ಮಲಗ್ತಾನೆ. ಮಲಗೋದೂ ಅವನ ಡ್ಯೂಟಿನೇ. ಮಲಗಲ್ಲ ಅಂದ್ರೆ ಬೈತಾರೆ. ಇವತ್ತಿಂದ ಇಲ್ಲೂ ಹಾಗೇ. ಮೊದಲ ಪಾಳಿ ನಿಮ್ಮತ್ತೇದು, ಬೆಳಗಿನ ಜಾವ ನಂದು. ನೀನು ಹಗಲು ನೋಡ್ಕೋ."

"ನಿಮಗ್ಯಾಕೆ ಅಕ್ಕಾ ತೊಂದ್ರೆ."

"ತೊಂದ್ರೆನೇ. ಆಮೇಲೆ ಎಲ್ಲರ ಹತ್ರ ಹೇಳ್ಕೊಂಡು ಗೊಣಗ್ತೀನಿ, ನೀನು ಯೋಚ್ನೆ ಮಾಡ್ಬೇಡ."

ಅತ್ತೆ ಅಷ್ಟರಲ್ಲಿ ತಮ್ಮ ದಿಂಬು, ಕಂಬಳಿ, ಮೊಣಕಾಲಿಗೆ ಹಚ್ಚುವ ಎಣ್ಣೆ ಎಲ್ಲ ತಂದು ನನ್ನ ಹಾಸಿಗೆಯ ಮೇಲೆ ಹರಡಿದ್ದರು. ನನ್ನನ್ನು ಹಾಲ್‌ನ ದಿವಾನಕ್ಕೆ ಗಡೀಪಾರು ಮಾಡಲಾಗಿದೆ.

ಜುಲೈ ೫, ಶನಿವಾರ

ಅತ್ತೆಯ ಗೊರಕೆ ಗೋಡೆ ದಾಟಿ ಬರುತ್ತದೆ. ಇದೆಂಥ ಪಾಳಿ ಎಂದು ಎದ್ದು ಹೋಗಿ ನೋಡಿದರೆ, ಬಾಗಿಲು ಕಿರ್ ಅನ್ನುವ ಮುಂಚೆಯೇ, "ಹೋಗಿ ಮಲಗೇ" ಎಂದರು, ಕಣ್ಣು ತೆರೆಯದೆ. ಗೊರಕೆ ಒಂದು ಕ್ಷಣವೂ ತಪ್ಪಲಿಲ್ಲ. ಇಂಥ ಸೌಲಭ್ಯ ಇವರ ಬೋಟಿನಲ್ಲೂ ಇರಲಾರದು.

ಅಡಿಗೆಮನೆಯ ನಲ್ಲಿ ಸೋರಲು ಶುರುವಾಗಿದೆ. ಪ್ಲಂಬರು ನಾಳೆ ಬರುತ್ತೇನೆ ಎಂದು ಮೂರು ಸಲ ಹೇಳಿದ. ಇವತ್ತು ಅವನಿಗೆ ಫೋನಿನಲ್ಲಿ ಚೆನ್ನಾಗಿ ಬೈದೆ. ಮದುವೆಯಾದ ಮೇಲೆ ಯಾರಿಗಾದರೂ ಹೀಗೆ ಮನಸಾರೆ ಬೈದದ್ದು ಇದೇ ಮೊದಲು, ಗಂಡನನ್ನು ಬಿಟ್ಟರೆ. ಅತ್ತೆ ಪಕ್ಕದಲ್ಲಿ ನಿಂತು, "ಇನ್ನೂ ಒಂದು ಹೇಳು, ಇನ್ನೂ ಒಂದು ಹೇಳು" ಎಂದು ಹುರಿದುಂಬಿಸಿದರು. ಅವನು ಬರಲಿಲ್ಲ. ಆದರೆ ಹಸಿವಾಯಿತು. ಇಬ್ಬರೂ ಕೂತು ಒಂದು ಪ್ಯಾಕೆಟ್ ಬಿಸ್ಕತ್ತು ಮುಗಿಸಿದೆವು.

ಜುಲೈ ೧೦, ಗುರುವಾರ

ಎದ್ದಾಗ ಬಿಸಿಲು ಬಂದಿತ್ತು. ಗಾಬರಿಯಾಗಿ ಒಳಗೆ ಓಡಿದರೆ ಮಗಳು ಅಕ್ಕನ ಮೂಗು ಹಿಡಿದು ಎಳೆಯುತ್ತಿದ್ದಳು. "ಇದನ್ನ ಬಿಡಿಸ್ಕೋ ಮೊದ್ಲು" ಎಂದರು ಅಕ್ಕ, ಮೂಗಿನಲ್ಲೇ.

ತಡವಾಯಿತೆಂದು ಸಂದೇಶವನ್ನು ಗಡಿಬಿಡಿಯಲ್ಲಿ ಬರೆದೆ. ಎಲ್ಲವೂ ಕ್ಷೇಮ. ಈ ಸಲ ಸಂಪಿಗೆ.

ಜುಲೈ ೧೪, ಸೋಮವಾರ, ಮಧ್ಯಾಹ್ನ

ಸೌಟಣ್ಣ ಬಂದಿದ್ದಾರೆ! ಕಾದ ಎಣ್ಣೆ ಬಿದ್ದು ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಬೋಟಿನಲ್ಲಿ ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರ ಕೆಟ್ಟು, ದೂರದ ಯಾವುದೋ ಬಂದರಿಗೆ ಬಂದಿದೆಯಂತೆ. ರಿಪೇರಿ ಮುಗಿಸಿ ನಾಳೆ ಬೆಳಗಾಗುತ್ತಿದ್ದ ಹಾಗೆ ಮತ್ತೆ ನೀರಿಗಿಳಿಯುತ್ತದೆ. ಸುಟ್ಟ ಕೈಯವರನ್ನು ರೈಲು ಹತ್ತಿಸಿ ಮನೆಗೆ ಕಳಿಸಿದ್ದಾರೆ. ಮೇಲಿಂದ ಅಕ್ಕನ ಬೈಗುಳ ಕೇಳುತ್ತಿತ್ತು, "ಎಣ್ಣೆ ಎಲ್ಲಿದೆ, ಕೈ ಎಲ್ಲಿದೆ ಅಂತ ನೋಡೋದು ಬೇಡ್ವಾ?" ಅಂದರೆ ಅವರಿಗೆ ಬಹಳ ಖುಷಿಯಾಗಿದೆ.

ನಾನು ಮಗಳನ್ನೆತ್ತಿಕೊಂಡು ಮೇಲೆ ಹೋದೆ. ಸೌಟಣ್ಣ ಮಗಳನ್ನು ನೋಡಿದವರೇ ಕುರ್ಚಿಯಿಂದ ಎದ್ದು ನಿಂತರು. ಅವಳ ಕಾಲು ಮುಟ್ಟಿದರು, ಕೆನ್ನೆ ಮುಟ್ಟಿದರು. "ಚೆನ್ನಾಗಿದಾಳಲ್ಲಮ್ಮಾ!"

"ಚೆನ್ನಾಗೇ ಇದಾಳಣ್ಣ. ಯಾಕೆ?"

"ಮತ್ತೆ ನಿಮ್ಮ ಕಾಗದಗಳು?"

"ಎಲ್ಲವೂ ಕ್ಷೇಮ ಅಂತಲೇ ಬರ್ದಿದೀನಲ್ಲ."

"ಅದೇ!" ಅಂದರು. "ಅದೇ ಆಗಿದ್ದು!"

ಆಮೇಲೆ ಕೂತು ಹೇಳಿದರು. ಬೋಟಿನಲ್ಲಿ ಎಲ್ಲರೂ ಗೊಣಗುತ್ತಾರೆ. ಊಟಕ್ಕೆ, ಹಾಸಿಗೆಗೆ, ಪಕ್ಕದವನ ಸಾಕ್ಸಿನ ವಾಸನೆಗೆ. ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ, ಗೊಣಗುವವನನ್ನು ಬಿಟ್ಟುಬಿಡು, ಅವನು ಸರಿಯಾಗಿದ್ದಾನೆ. ಯಾರಾದರೂ ಗೊಣಗುವುದು ನಿಲ್ಲಿಸಿ "ಎಲ್ಲ ಚೆನ್ನಾಗಿದೆ" ಅನ್ನತೊಡಗಿದರೆ ಹೋಗಿ ಡಾಕ್ಟರಿಗೆ ಹೇಳು. ಅವನು ಒಳಗೊಳಗೇ ಮುಳುಗುತ್ತಿದ್ದಾನೆ.

"ಕಿವಿ ನಿಮ್ಮ ಕಾಗದಾನ ನನಗೆ ಓದಿ ತೋರಿಸ್ತಿದ್ದ. 'ನೋಡೋ ಸೌಟು, ನಲವತ್ತು ಪದ, ಒಂದೂ ದೂರಿಲ್ಲ. ಇದು ನನ್ನ ಹೆಂಡ್ತಿ ಅಲ್ಲ ಕಣೋ. ಹಾಲು ಬಂತು ಅಂತ ಹೇಳೋಕೂ ಅವಳಿಗೆ ಎರಡು ದೂರು ಬೇಕು. ಮಗೂಗೆ ಏನೋ ಆಗಿದೆ, ಇಲ್ಲ ಇವಳಿಗೆ ಏನೋ ಆಗಿದೆ. ಮೇಡಂ ಕೂತ್ಕೊಂಡು ಬರೆಸ್ತಿದಾರೆ.' ಗುಲಾಬಿ ಬಂದ ವಾರ ಅವನು ಊಟ ಬಿಟ್ಟ."

ಮಗಳು ಅವರ ಬ್ಯಾಂಡೇಜಿಗೆ ಕೈ ಹಾಕುತ್ತಿದ್ದಳು, ಹಿಂದಕ್ಕೆ ಎಳೆದುಕೊಂಡೆ.

"ಈಗ?"

"ಈಗ ಅವನೂ ಗೊಣಗಲ್ಲ. ಉಪ್ಪು ಜಾಸ್ತಿ ಹಾಕಿಕೊಟ್ಟು ನೋಡ್ದೆ, ಬೈಲಿ ಅಂತ. ಚೆನ್ನಾಗಿದೆ ಸೌಟು ಅಂದ. ಪಾಳಿ ಮುಗಿದ್ರೂ ಹೆಡ್‌ಫೋನ್ ತೆಗೆಯಲ್ಲ, ಮಲಗಲ್ಲ. ಬಂದರಿನಲ್ಲಿ ಫೋನಿದೆ, ಇವತ್ತು ರಾತ್ರಿ ಪೂರ್ತಿ ಯಾರು ಬೇಕಾದ್ರೂ ಮನೆಗೆ ಮಾತಾಡ್ಬಹುದು. ನಾನು ಹೊರಡೋವಾಗ್ಲೇ ಎಲ್ಲರೂ ಸಾಲಲ್ಲಿ ನಿಂತಿದ್ರು. ಅವನು ನಿಂತಿರ್ಲಿಲ್ಲ. 'ಗೊತ್ತಾದ್ರೆ ಒಳಗೆ ಹೋಗೋಕಾಗಲ್ಲ, ಗೊತ್ತಿಲ್ಲದಿದ್ರೆ ಹೇಗೋ ಹೋಗ್ತೀನಿ' ಅಂತಾನೆ. ಡಾಕ್ಟರು ಹೇಳಿದಾರೆ, ಬೆಳಿಗ್ಗೆ ಒಳಗೆ ಹೋಗೋ ಮುಂಚೆ ಮನೆಗೊಂದು ಮಾತಾಡು, ಇಲ್ಲಾಂದ್ರೆ ನಿನ್ನನ್ನ ಇಳಿಸಿ ಹೋಗ್ತೀವಿ. ಇಳಿಸಿದ್ರೆ ಮತ್ತೆ ಬೋಟು ಹತ್ತಿಸಲ್ಲಮ್ಮ. ಆ ಕಿವಿಗೆ ಬೇರೆ ಕೆಲಸ ಎಲ್ಲಿದೆ?"

ಇಳಿಸಲಿ, ಮನೆಗೆ ಬರಲಿ ಎಂದು ನನ್ನ ಮನಸ್ಸು ಒಂದು ಕ್ಷಣ ಕುಣಿಯಿತು. ಕುಣಿದು ನಿಂತಿತು. ಸಮುದ್ರದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುವಾಗ ಇವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ಆ ಮುಖವನ್ನು ಅಲ್ಲೇ ಬಿಟ್ಟು ಬರೀ ಮನುಷ್ಯ ಬಂದರೆ ನಾನು ಏನು ಮಾಡಲಿ?

ಅದೇ ದಿನ, ಸಂಜೆ

ಆ ಬಂದರಿನ ಫೋನಿಗೆ ಹೊರಗಿನಿಂದ ಮಾಡಲಾಗುವುದಿಲ್ಲ. ಉಳಿದದ್ದು ಒಂದೇ ದಾರಿ, ಗುರುವಾರ ಕೊಡಬೇಕಾದ ಈ ವಾರದ ಸಂದೇಶ. ಕಚೇರಿ ಮುಚ್ಚುವ ಮುಂಚೆ ಕೊಟ್ಟರೆ ಇವತ್ತೇ ಬೋಟಿಗೆ ಮುಟ್ಟುತ್ತದೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಿದೆ. ಹಿಂದೆ ಅತ್ತೆ, ಅವರ ಹಿಂದೆ ಅಕ್ಕ. ಮೇಡಂ ಬೀಗ ಹಿಡಿದು ನಿಂತಿದ್ದರು.

ಮೇಜಿನ ಮೇಲೇ ಬರೆದೆ. ಒಂದು ಸಲವೂ ತಿದ್ದಲಿಲ್ಲ.

"ಮಗಳಿಗೆ ಜ್ವರ ಬಂದು ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಚ್ಚಿದಳು. ಈಗ ಮಗಳು ಗಟ್ಟಿಮುಟ್ಟು, ಹಠಮಾರಿ. ನಿಮ್ಮಮ್ಮ ನನ್ನ ಹಾಸಿಗೆ ಆಕ್ರಮಿಸಿದ್ದಾರೆ. ನಲ್ಲಿ ಸೋರುತ್ತಿದೆ. ನೀವು ಮಡಚಿಟ್ಟ ತಳ್ಳುಗಾಡಿ ಯಾರಿಂದಲೂ ಬಿಚ್ಚಲಾಗುತ್ತಿಲ್ಲ. ನನಗೆ ನಿದ್ದೆಯಿಲ್ಲ, ಸಿಟ್ಟು ಬಹಳವಿದೆ. ಬೈಯಲು ಎದುರಿಗೆ ಜನವಿಲ್ಲ. ನೀವಿಲ್ಲದೆ ಗೊಣಗಿದರೂ ರುಚಿಯಿಲ್ಲ. ಚೆಂದದ ಮಾತೆಲ್ಲ ನಾಟಕ. ಇದಕ್ಕಿಂತ ಕೆಟ್ಟದ್ದೇನೂ ಇಲ್ಲ. ಇನ್ನೂ ಇದೆ."

ಮೇಡಂ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು. "ಇದು ಹೋಗಲ್ಲ ಕಣ್ರೀ. ಜ್ವರ, ಆಸ್ಪತ್ರೆ, ಇದೆಲ್ಲ ಕೆಟ್ಟ ಸುದ್ದಿ."

"ಬಂದು ಹೋಯಿತು ಅಂತ ಬರ್ದಿದೀನಿ ಮೇಡಂ. ಹೋಗಿದ್ದು ಒಳ್ಳೆ ಸುದ್ದಿ ಅಲ್ವಾ?"

"ನಿದ್ದೆಯಿಲ್ಲ, ಸಿಟ್ಟು?"

"ಅದು ಸುದ್ದಿನೇ ಅಲ್ಲ, ಅವರಿಗೆ ಮದುವೆ ದಿನದಿಂದ ಗೊತ್ತು."

ಸೌಟಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಎಷ್ಟು ಗುಲಾಬಿ, ಎಷ್ಟು ಮಲ್ಲಿಗೆಗಳನ್ನು ಅವರು ಇಲ್ಲಿಂದ ಕಳಿಸಿದ್ದಾರೋ, ಎಷ್ಟು ಜನಕ್ಕೆ ಮಾದರಿ ಎಂದು ಓದಿ ತೋರಿಸಿದ್ದಾರೋ, ಅದನ್ನೆಲ್ಲ ನೆನೆಯುತ್ತಿದ್ದ ಹಾಗಿತ್ತು. ಆಗ ಅತ್ತೆ ಮೇಜಿನ ಮೇಲೆ ಬಗ್ಗಿದರು. "ನೋಡಿ ಮೇಡಂ, ಇದರಲ್ಲಿ ನನ್ನ ಮೇಲೇ ಒಂದು ದೂರಿದೆ. ನಾನೇ ಒಪ್ಕೊಂಡಿದೀನಿ. ನಿಮಗೇನು ಕಷ್ಟ?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಪದ ಎಣಿಸಿದರು. ನಲವತ್ತಕ್ಕೆ ನಲವತ್ತು. ಕಣ್ಣೆದುರೇ ಕಳಿಸಿದರು.

ಮೂವರೂ ಯುದ್ಧ ಗೆದ್ದವರ ಹಾಗೆ ಬೀದಿಯಲ್ಲಿ ನಗುತ್ತಾ ಬಂದೆವು. ಮನೆಯ ಮೆಟ್ಟಿಲು ಹತ್ತುವಾಗ ನೆನಪಾಯಿತು. ಇಷ್ಟೆಲ್ಲ ಬರೆದವಳು, ಫೋನ್ ಮಾಡಿ ಎಂದು ಬರೆಯಲೇ ಇಲ್ಲ. ನಲವತ್ತು ಪದವೂ ಗೊಣಗಿ ಮುಗಿಸಿದ್ದೆ. ವಾರಕ್ಕೆ ಒಂದೇ. ಕಚೇರಿಗೆ ಬೀಗ.

ರಾತ್ರಿ

ಫೋನನ್ನು ದಿವಾನದ ಮೇಲೆ, ತಲೆಯ ಪಕ್ಕ ಇಟ್ಟುಕೊಂಡಿದ್ದೇನೆ. ಚಾರ್ಜ್ ಇದೆ. ಎರಡು ಸಲ ಅಕ್ಕನ ಫೋನಿನಿಂದ ಮಾಡಿಸಿ ನೋಡಿದೆ, ರಿಂಗಾಗುತ್ತದೆ. ಮೂರನೆಯ ಸಲಕ್ಕೆ ಸೌಟಣ್ಣ ಮೇಲಿಂದ, "ಅವನು ಮಾಡಿದಾಗ ಬಿಜಿ ಬರುತ್ತಮ್ಮಾ, ಇಡಿ!" ಎಂದು ಕೂಗಿದರು.

ಇಲ್ಲಿ ಎಷ್ಟು ಪದ ಬೇಕಾದರೂ ಬರೆಯಬಹುದು, ಆದರೆ ಒಂದೂ ನಿಮಗೆ ಮುಟ್ಟುವುದಿಲ್ಲ. ಆದರೂ ಹೇಳುತ್ತೇನೆ, ಕೇಳಿ. ಸಾಲಿನಲ್ಲಿ ಹೋಗಿ ನಿಲ್ಲಿ. ಮುಂದೆ ಎಷ್ಟೇ ಜನವಿರಲಿ. ಪ್ಲಂಬರಿನ ಕಥೆ ಪೂರ್ತಿ ಹೇಳಬೇಕು. ನಿಮ್ಮ ತಾಯಿ ನಿದ್ದೆಯಲ್ಲೂ ಕಾವಲು ಕಾಯುವುದನ್ನು ಹೇಳಬೇಕು. ಮಗಳು ಇವತ್ತು ಮೇಡಂ ಮೇಜಿನ ಕೆಂಪು ಪೆನ್ನು ಬಾಯಿಗೆ ಹಾಕಿಕೊಂಡಳು, ಅದನ್ನೂ. ನೀವೂ ಬೈಯಿರಿ, ಮನಸ್ಸಿಗೆ ಬಂದ ಹಾಗೆ ಬೈಯಿರಿ, ನಲವತ್ತಕ್ಕೆ ನಿಲ್ಲಿಸಬೇಡಿ. ಆಮೇಲೆ ಒಳಗೆ ಹೋಗಿ ಹಾಯಾಗಿ ಮಲಗಿ. ಸಮುದ್ರ ನಿಮ್ಮದೇ.

ಅತ್ತೆಯ ಪಾಳಿ ಶುರುವಾಗಿದೆ, ಗೊರಕೆ ಕೇಳುತ್ತಿದೆ. ಏನು ಹೇಳಲಿ, ಇಂಥ ರಾತ್ರಿಯಲ್ಲೂ ನನಗೆ ಕಣ್ಣು ಎಳೆಯುತ್ತಿದೆ, ಅಕ್ಷರಗಳೆಲ್ಲ ಸೊಟ್ಟಗಾಗುತ್ತಿವೆ. ನಾನು ಎತ್ತುವುದು ತಡವಾದರೆ ಇಡಬೇಡಿ. ಹೊಡೆದುಕೊಳ್ಳುತ್ತಲೇ ಇರಲಿ. ಮಲಗಿದ್ದರೆ ಎಬ್ಬಿಸಿ ರೀ. ಬೆಳಗಾಗುವುದರೊಳಗೆ ಒಂದು ಸಲ, ಒಂದೇ ಒಂದು ಸಲ ಫೋನ್ ಮಾಡಿ.